ಹೊಟ್ಟು ಮರಳಿ ಬಂದರೆ ಮದ್ದು ಸೋತಂತಲ್ಲ

ಕಕ್ಕಬೆ ಎಂದರೆ ಹಳಬರಿಗೆ ಮೊದಲು ನೆನಪಾಗುವುದು ಜೇನು. ತಡಿಯಂಡಮೋಳ್ ಬೆಟ್ಟದ ಬುಡದ ಈ ಊರು ಒಂದು ಕಾಲಕ್ಕೆ ದಕ್ಷಿಣ ಏಷ್ಯಾದಲ್ಲೇ ಅತಿ ಹೆಚ್ಚು ಜೇನು ಕೊಡುವ ಜಾಗವೆಂದು ಹೆಸರಾಗಿತ್ತು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಾಣು ಬಂದು ತುಡುವೆ ಜೇನಿನ ಕುಟುಂಬಗಳನ್ನು ನಾಶ ಮಾಡಿದ ಮೇಲೆ ಆ ವೈಭವ ಕುಗ್ಗಿತು. ಆದರೂ ಜೇನಿನ ಮೇಲಿನ ನಂಬಿಕೆ ಕುಗ್ಗಿಲ್ಲ. ಇಂಥ ಊರಿನವರು ತಲೆಹೊಟ್ಟಿಗೆ, ಮೂಗಿನ ಪಕ್ಕ ಸಿಪ್ಪೆ ಏಳುವುದಕ್ಕೆ ಜೇನು ಹಚ್ಚಬಹುದೇ ಎಂದು ಕೇಳಿದರೆ ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅದಕ್ಕೊಂದು ವೈದ್ಯಕೀಯ ಪ್ರಯೋಗದ ಆಧಾರವೇ ಇದೆ. ದುಬೈನಲ್ಲಿದ್ದ ವೈದ್ಯ ಅಲ್-ವೈಲಿ 2001ರಲ್ಲಿ ಪ್ರಕಟಿಸಿದ ವರದಿಯಲ್ಲಿ, ದೀರ್ಘಕಾಲದಿಂದ ಇಂಥ ಹೊಟ್ಟು-ಸಿಪ್ಪೆಯ ತೊಂದರೆ, ಅಂದರೆ ಸೆಬೋರಿಕ್ ಡರ್ಮಟೈಟಿಸ್, ಇದ್ದ 30 ಜನರಿಗೆ ಬೆಚ್ಚಗಿನ ನೀರು ಬೆರೆಸಿದ ಹಸಿ ಜೇನನ್ನು ದಿನ ಬಿಟ್ಟು ದಿನ ಹಚ್ಚಿ, ಎರಡು ಮೂರು ನಿಮಿಷ ಮೆಲ್ಲಗೆ ತಿಕ್ಕಿ, ಮೂರು ಗಂಟೆ ಬಿಟ್ಟು ತೊಳೆಸಲಾಯಿತು. ಒಂದು ವಾರದಲ್ಲಿ ತುರಿಕೆಯೂ ಹೊಟ್ಟೂ ಹೋದವು, ಎರಡು ವಾರದಲ್ಲಿ ಚರ್ಮ ಮಾಯಿತು ಎಂದು ವರದಿ ಹೇಳುತ್ತದೆ. ಜೇನಿನ ಅಭಿಮಾನಿಗಳು ಸಾಮಾನ್ಯವಾಗಿ ಇಷ್ಟಕ್ಕೇ ಓದು ನಿಲ್ಲಿಸುತ್ತಾರೆ.

ನನಗೆ ಮುಖ್ಯವೆನಿಸುವುದು ಆ ವರದಿಯ ಉಳಿದರ್ಧ. ನಾಲ್ಕು ವಾರ ಕಳೆದ ಮೇಲೆ 15 ಜನ ವಾರಕ್ಕೊಮ್ಮೆ ಜೇನು ಹಚ್ಚುವುದನ್ನು ಆರು ತಿಂಗಳು ಮುಂದುವರಿಸಿದರು; ಅವರಲ್ಲಿ ಒಬ್ಬರಿಗೂ ರೋಗ ಮರುಕಳಿಸಲಿಲ್ಲ. ಉಳಿದ 15 ಜನ ನಿಲ್ಲಿಸಿದರು. ಅವರಲ್ಲಿ 12 ಮಂದಿಗೆ ಎರಡರಿಂದ ನಾಲ್ಕು ತಿಂಗಳೊಳಗೆ ಮತ್ತೆ ಬಂತು. ಇದು ಸಣ್ಣ ಪ್ರಯೋಗ. ಜೇನನ್ನು ಬೇರೆ ಮದ್ದಿನ ಜೊತೆ ಹೋಲಿಸಿ ನೋಡಿದ್ದೂ ಅಲ್ಲ. ಆದ್ದರಿಂದ ಇದರಿಂದ ಜೇನೇ ಮದ್ದು ಎಂದು ತೀರ್ಮಾನಿಸಲಾಗದು. ಆದರೆ ಯುರೋಪಿನಲ್ಲಿ ಇದಕ್ಕಿಂತ ಬಹಳ ದೊಡ್ಡದಾಗಿ ನಡೆದು 1995ರಲ್ಲಿ ಪ್ರಕಟವಾದ ಕೀಟೋಕೊನಜೋಲ್ ಶಾಂಪೂವಿನ ಪ್ರಯೋಗವೂ ಇದೇ ಪಾಠ ಹೇಳುತ್ತದೆ. ಅಲ್ಲಿ 575 ರೋಗಿಗಳು ಶೇ. 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆರಡು ಸಲ, ಎರಡರಿಂದ ನಾಲ್ಕು ವಾರ ಬಳಸಿದರು. ಶೇ. 88ರಷ್ಟು ಜನಕ್ಕೆ ಬಹಳ ಒಳ್ಳೆಯ ಗುಣ ಕಂಡಿತು. ಗುಣ ಕಂಡವರಲ್ಲಿ 312 ಜನರನ್ನು ಮುಂದಿನ ಆರು ತಿಂಗಳು ಗಮನಿಸಿದಾಗ, ವಾರಕ್ಕೊಮ್ಮೆ ಅದೇ ಶಾಂಪೂ ಹಾಕಿಕೊಂಡವರಲ್ಲಿ ಶೇ. 19 ಮಂದಿಗೆ ಮಾತ್ರ ರೋಗ ಮರುಕಳಿಸಿತು. ಮದ್ದಿಲ್ಲದ ಶಾಂಪೂ ಹಾಕಿಕೊಂಡವರಲ್ಲಿ ಶೇ. 47 ಮಂದಿಗೆ. ಜೇನಾಗಲಿ ಶಾಂಪೂ ಆಗಲಿ, ಮುಂದುವರಿಸಿದವರು ಉಳಿದುಕೊಂಡರು, ನಿಲ್ಲಿಸಿದವರು ಮತ್ತೆ ಸಿಕ್ಕಿಬಿದ್ದರು. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ ನಡೆಯುತ್ತಿದೆ ಎಂಬುದು ನನ್ನ ವಾದ. ದೊಡ್ಡವರು ಹೊಟ್ಟು ಹೋದ ಕೂಡಲೇ ಮದ್ದು ಬಿಡುತ್ತಾರೆ. ತಾನಾಗಿಯೇ ಹೋಗುವ, ಹಸುಗೂಸಿನ ನೆತ್ತಿಯ ಹಕ್ಕಳೆಗೆ ಮಾತ್ರ ಮದ್ದಿನ ಮೇಲೆ ಮದ್ದು ಹಚ್ಚುತ್ತಾರೆ.

ರೋಗ ಯಾಕೆ ಮರಳುತ್ತದೆ ಎಂದು ತಿಳಿದರೆ ಉಳಿದದ್ದೆಲ್ಲ ಸುಲಭ. ಎಲ್ಲರ ಚರ್ಮದ ಮೇಲೂ ಮ್ಯಾಲಸೀಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ವಾಸಿಸುತ್ತದೆ. 1874ರಲ್ಲಿ ಹೊಟ್ಟಿನ ಸಿಪ್ಪೆಗಳಲ್ಲಿ ಇದನ್ನು ಗುರುತಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಮ್ಯಾಲಸೇ ಅವರಿಂದ ಆ ಹೆಸರು ಬಂದಿದೆ. ಇದರ ಆಹಾರ ನಮ್ಮ ಚರ್ಮದ ಜಿಡ್ಡು. ಅದಕ್ಕೇ ಅದು ಜಿಡ್ಡಿನ ಗ್ರಂಥಿಗಳು ಹೆಚ್ಚಿರುವ ನೆತ್ತಿ, ಹುಬ್ಬು, ಮೂಗಿನ ಅಕ್ಕಪಕ್ಕ, ಕಿವಿಯ ಹಿಂದೆ, ಗಡ್ಡದೊಳಗೆ, ಎದೆಯ ನಡುವೆ ನೆಲೆಸುತ್ತದೆ. ಜಿಡ್ಡನ್ನು ಒಡೆದು ತನಗೆ ಬೇಕಾದ ಅಂಶವನ್ನು ತಿಂದು, ಓಲಿಯಿಕ್ ಆಮ್ಲದಂಥ ಶೇಷವನ್ನು ಚರ್ಮದ ಮೇಲೆಯೇ ಬಿಡುತ್ತದೆ. ಬಹಳ ಜನರ ಚರ್ಮ ಇದನ್ನು ಲೆಕ್ಕಿಸುವುದಿಲ್ಲ. ಕೆಲವರ ಚರ್ಮ ಮಾತ್ರ ಕೆರಳಿ, ಜೀವಕೋಶಗಳನ್ನು ಅವಸರವಾಗಿ ಉದುರಿಸತೊಡಗುತ್ತದೆ. ಹೊಟ್ಟಿಗೆ ಒಳಗಾಗುವ ಜನರ ನೆತ್ತಿಗೆ ಬರೀ ಓಲಿಯಿಕ್ ಆಮ್ಲ ಹಚ್ಚಿದರೂ ಸಿಪ್ಪೆ ಎದ್ದಿತು, ಉಳಿದವರಿಗೆ ಏಳಲಿಲ್ಲ ಎಂಬುದು ಪ್ರಯೋಗದಲ್ಲಿ ಕಂಡ ಸಂಗತಿ. ಅಂದರೆ ಯೀಸ್ಟ್ ಎಲ್ಲರದು, ಕೆರಳುವ ಗುಣ ಕೆಲವರದು. ಆ ಗುಣವನ್ನು ಬದಲಿಸುವ ಮದ್ದು ಇಲ್ಲ. ಯೀಸ್ಟನ್ನು ಕಡಿಮೆ ಮಾಡಬಹುದು. ಕೆಲವು ವಾರಗಳಲ್ಲಿ ಅದು ಮತ್ತೆ ಬೆಳೆಯುತ್ತದೆ. ಕಾಫಿ ತೋಟದಲ್ಲಿ ಕಳೆ ಮತ್ತೆ ಬಂತೆಂದು ಯಾರೂ ಕತ್ತಿಯನ್ನು ದೂರುವುದಿಲ್ಲ, ಮತ್ತೊಮ್ಮೆ ಸವರುತ್ತಾರೆ. ಹೊಟ್ಟಿನ ವಿಷಯದಲ್ಲೂ ಅದೇ ವಿವೇಕ ಬೇಕು.

ಇಲ್ಲಿ ಎಣ್ಣೆಯ ಮಾತು ಬಂದೇ ಬರುತ್ತದೆ. ತಲೆ ಒಣಗಿದ್ದರಿಂದ ಹೊಟ್ಟು ಬಂದಿದೆ, ಎಣ್ಣೆ ಹಚ್ಚಿದರೆ ಹೋಗುತ್ತದೆ ಎಂಬುದು ಮನೆಮನೆಯ ನಂಬಿಕೆ. ಎಣ್ಣೆ ಹಚ್ಚಿದಾಗ ಸಿಪ್ಪೆ ತಲೆಗೆ ಅಂಟಿಕೊಂಡು ಕಣ್ಣಿಗೆ ಕಾಣದಾಗುತ್ತದೆ, ತುರಿಕೆಯೂ ಸ್ವಲ್ಪ ತಗ್ಗುತ್ತದೆ. ಹಾಗಾಗಿ ನಂಬಿಕೆ ಗಟ್ಟಿಯಾಗುತ್ತದೆ. ಆದರೆ ಪ್ರಯೋಗಾಲಯದಲ್ಲಿ ಮ್ಯಾಲಸೀಜಿಯಾ ಬೆಳೆಸಬೇಕಾದರೆ ತಂತ್ರಜ್ಞರು ತಟ್ಟೆಯ ಮೇಲೆ ಆಲಿವ್ ಎಣ್ಣೆ ಸುರಿಯುತ್ತಾರೆ. ಕೊಬ್ಬಿನಂಶ ಕೊಡದಿದ್ದರೆ ಈ ಜಾತಿಯ ಬಹುಪಾಲು ಯೀಸ್ಟ್‌ಗಳು ಬೆಳೆಯುವುದೇ ಇಲ್ಲ. ನಮ್ಮ ತೆಂಗಿನೆಣ್ಣೆಯಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲವೂ ಅದು ಬಳಸಿಕೊಳ್ಳಬಲ್ಲ ಕೊಬ್ಬುಗಳ ಸಾಲಿನಲ್ಲೇ ಇದೆ. ತೆಂಗಿನೆಣ್ಣೆಯಿಂದ ಒಳಿತೂ ಆದೀತು ಎನ್ನುವವರ ಬಳಿಯೂ ಆಧಾರವಿದೆ: ಭಾರತೀಯ ಮಹಿಳೆಯರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ತೆಂಗಿನೆಣ್ಣೆ ಬಳಸಿದಾಗ ನೆತ್ತಿಯ ಸೂಕ್ಷ್ಮಜೀವಿಗಳ ಸಮತೋಲ ಸುಧಾರಿಸಿತು ಎಂದು ಹೇಳಿತು. ಅದನ್ನು ಗೌರವದಿಂದಲೇ ಒಪ್ಪೋಣ. ಆದರೆ ಕೆಂಪೇರಿ ತುರಿಸುವ, ಜಿಡ್ಡು ಜಿಡ್ಡಾದ ಹಳದಿ ಸಿಪ್ಪೆ ಏಳುವ ತಲೆಗೆ ಎಣ್ಣೆ ಮದ್ದಿನ ಬದಲಿಯಾಗಬಲ್ಲದೆಂದು ಅದು ತೋರಿಸಿಲ್ಲ. ಎಣ್ಣೆ ಬಿಡಲಾರದವರು ಅಭ್ಯಂಜನದ ದಿನ ಹಚ್ಚಿ, ಅದೇ ದಿನ ಚೆನ್ನಾಗಿ ತೊಳೆದುಕೊಳ್ಳಲಿ. ವಾರವಿಡೀ ತಲೆ ಜಿನುಗುವಂತೆ ಎಣ್ಣೆ ಇಟ್ಟುಕೊಳ್ಳುವುದು, ರೋಗ ಜೋರಿರುವಾಗ ಇನ್ನಷ್ಟು ಸುರಿಯುವುದು ಬೇಡ. ಕಕ್ಕಡದ ಮಳೆಯಲ್ಲಿ ಕೂದಲು ಒಣಗುವುದಿಲ್ಲವೆಂದು ವಾರಗಟ್ಟಲೆ ತಲೆಸ್ನಾನ ಮುಂದೂಡುವುದೂ ಇದೇ ತಪ್ಪಿನ ಇನ್ನೊಂದು ಮುಖ. ಬಿಸಿಲಿಲ್ಲದ ತಿಂಗಳುಗಳಲ್ಲೂ ತಲೆ ತೊಳೆಯಲೇಬೇಕು; ಒಲೆಯ ಬಿಸಿಯಲ್ಲಿ ಒಣಗಿಸಿಕೊಂಡರಾಯಿತು.

ಹಾಗಾದರೆ ದೊಡ್ಡವರು ಮಾಡಬೇಕಾದ್ದೇನು? ಮೊದಲ ಆಯ್ಕೆ ಯೀಸ್ಟ್ ತಗ್ಗಿಸುವ ಶಾಂಪೂ: ಶೇ. 2ರ ಕೀಟೋಕೊನಜೋಲ್, ಅದು ಒಗ್ಗದಿದ್ದರೆ ಸೆಲೆನಿಯಂ ಸಲ್ಫೈಡ್, ಜಿಂಕ್ ಪೈರಿಥಿಯೋನ್ ಅಥವಾ ಸೈಕ್ಲೋಪಿರಾಕ್ಸ್. ಮದ್ದು ಸೋಲುವುದಕ್ಕಿಂತ ಹಚ್ಚುವ ರೀತಿ ಸೋಲುವುದೇ ಹೆಚ್ಚು. ಸ್ನಾನದ ಕೊನೆಗೆ ಕೂದಲಿಗೆ ನೊರೆ ಮಾಡಿ ಮರುಕ್ಷಣ ನೀರು ಸುರಿದುಕೊಂಡರೆ ಹಣ ಮೋರಿಗೆ ಹೋದಂತೆ. ಕೂದಲು ಒದ್ದೆ ಮಾಡಿ, ಬೈತಲೆ ಬಿಡಿಸುತ್ತ ಹೋಗಿ ಶಾಂಪೂ ನೆತ್ತಿಯ ಚರ್ಮಕ್ಕೆ ತಾಗುವಂತೆ ಹಚ್ಚಬೇಕು. ಉಗುರಿನಿಂದ ಕೆರೆಯದೆ ಬೆರಳ ತುದಿಯ ಮೆತ್ತನೆಯ ಭಾಗದಿಂದ ತಿಕ್ಕಬೇಕು. ಅದೇ ನೊರೆಯನ್ನು ಹುಬ್ಬಿಗೂ ಕಿವಿಯ ಹಿಂದಕ್ಕೂ ಗಡ್ಡಕ್ಕೂ ಸವರಿಕೊಂಡು, ಕಣ್ಣಿಗೆ ಹೋಗದಂತೆ ನೋಡಿಕೊಂಡು, ಐದು ನಿಮಿಷ ಹಾಗೇ ಬಿಟ್ಟು ತೊಳೆಯಬೇಕು. ಮದ್ದು ಕೆಲಸ ಮಾಡುವುದು ಆ ಐದು ನಿಮಿಷದಲ್ಲಿ. ವಾರಕ್ಕೆರಡು ಸಲದಂತೆ ನಾಲ್ಕು ವಾರ ಇದು ನಡೆಯಲಿ. ಮುಖದ ಮೇಲೆ ಸಿಪ್ಪೆ ಎದ್ದಿದ್ದರೆ ಶೇ. 2ರ ಕೀಟೋಕೊನಜೋಲ್ ಮುಲಾಮನ್ನು ದಿನಕ್ಕೆ ಒಂದೆರಡು ಸಲ ತೆಳುವಾಗಿ ಎರಡರಿಂದ ನಾಲ್ಕು ವಾರ ಹಚ್ಚಿದರೆ ಬಹುಪಾಲು ಜನರಿಗೆ ಸಾಕಾಗುತ್ತದೆ. ರೆಪ್ಪೆಯಂಚಿನಲ್ಲಿ ಸಿಪ್ಪೆ ಕಟ್ಟಿದ್ದರೆ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟು ಮೆಲ್ಲಗೆ ಒರೆಸಬೇಕು. ಅಲ್ಲಿ ಸ್ವಂತ ಮದ್ದು ಬೇಡ.

ಗುಣವಾದ ಮೇಲೆ ವಾರಕ್ಕೊಮ್ಮೆ ಅಥವಾ ಹದಿನೈದು ದಿನಕ್ಕೊಮ್ಮೆ ಅದೇ ಶಾಂಪೂ ಮುಂದುವರಿಯಬೇಕು. ಇಲ್ಲಿ ಬರುವ ಆಕ್ಷೇಪ ನ್ಯಾಯವಾದದ್ದೇ: ಜೀವನಪೂರ್ತಿ ರಾಸಾಯನಿಕ ಹಚ್ಚಿಕೊಳ್ಳುವುದೇ? ಶಾಂಪೂವಿನಲ್ಲಿರುವ ಕೀಟೋಕೊನಜೋಲ್ ನೆತ್ತಿಯ ಮೇಲೆ ಐದು ನಿಮಿಷ ಇದ್ದು ತೊಳೆದುಹೋಗುತ್ತದೆ. ರಕ್ತಕ್ಕೆ ಸೇರುವ ಪ್ರಮಾಣ ನಗಣ್ಯ. ಈ ಮದ್ದಿನ ಬಗ್ಗೆ ಕೇಳಿಬರುವ ಭಯ ಮಾತ್ರೆಯಿಂದ ಬಂದದ್ದು. ಕೀಟೋಕೊನಜೋಲ್ ಮಾತ್ರೆ ಯಕೃತ್ತಿಗೆ ಹಾನಿ ಮಾಡಬಲ್ಲದೆಂದು 2013ರಲ್ಲಿ ಅಮೆರಿಕ ಮತ್ತು ಯುರೋಪಿನ ಔಷಧ ನಿಯಂತ್ರಕರು ಅದಕ್ಕೆ ಕಡಿವಾಣ ಹಾಕಿದರು. ಹೊಟ್ಟಿಗೆ ಆ ಮಾತ್ರೆ ನುಂಗಬಾರದು. ಶಾಂಪೂವಿಗೆ ಆ ಭಯವನ್ನು ಅಂಟಿಸುವುದು ತಪ್ಪು. ಇನ್ನೊಂದು ಆಕ್ಷೇಪ, ಬಳಸಿ ಬಳಸಿ ಅದು ಕೆಲಸ ಮಾಡದಾಗುತ್ತದೆ ಎಂಬುದು. ಪರಿಣಾಮ ತಗ್ಗಿತೆನಿಸಿದರೆ ಕೆಲವು ತಿಂಗಳು ಸೆಲೆನಿಯಂ ಸಲ್ಫೈಡಿಗೋ ಜಿಂಕ್ ಪೈರಿಥಿಯೋನಿಗೋ ಬದಲಿಸಿಕೊಳ್ಳಬಹುದು. ವಾರಕ್ಕೊಂದು ಸ್ನಾನದ ಐದು ನಿಮಿಷ ದೊಡ್ಡ ಬೆಲೆಯಲ್ಲ. ನಿದ್ದೆಗೆಟ್ಟಾಗ, ಮನಸ್ಸಿಗೆ ಒತ್ತಡ ಹೆಚ್ಚಿದಾಗ, ಚಳಿಗಾಲದಲ್ಲಿ ರೋಗ ಕೆರಳುವುದುಂಟು. ಆಗ ಮತ್ತೆ ವಾರಕ್ಕೆರಡು ಸಲಕ್ಕೆ ಏರಿಸಿ, ಇಳಿದ ಮೇಲೆ ಹಿಂದಿನಂತೆ ಇಳಿಸಿಕೊಳ್ಳಬೇಕು.

ಇಷ್ಟೆಲ್ಲ ಯಾಕೆ, ಅಂಗಡಿಯ ಮುಲಾಮು ಎರಡೇ ದಿನಕ್ಕೆ ವಾಸಿ ಮಾಡುತ್ತದಲ್ಲ ಎಂಬುದು ಎಲ್ಲಕ್ಕಿಂತ ಅಪಾಯದ ವಾದ. ಎರಡೇ ದಿನದಲ್ಲಿ ಮುಖ ನಯವಾಗಿಸುವ ಆ ಮುಲಾಮಿನಲ್ಲಿ ಬಹುಮಟ್ಟಿಗೆ ಇರುವುದು ಬೀಟಾಮೆಥಸೋನ್, ಕ್ಲೋಬೆಟಾಸೋಲ್‌ನಂಥ ಪ್ರಬಲ ಸ್ಟೀರಾಯ್ಡ್. ಅದು ಚರ್ಮದ ಕೆರಳಿಕೆಯನ್ನು ಥಟ್ಟನೆ ತಣಿಸುತ್ತದೆ, ಯೀಸ್ಟನ್ನು ಮುಟ್ಟುವುದಿಲ್ಲ. ನಿಲ್ಲಿಸಿದೊಡನೆ ರೋಗ ಮೊದಲಿಗಿಂತ ಜೋರಾಗಿ ಮರಳುತ್ತದೆ. ಜನ ಮತ್ತೆ ಅದನ್ನೇ ಹಚ್ಚುತ್ತಾರೆ. ತಿಂಗಳುಗಳಲ್ಲಿ ಮುಖದ ಚರ್ಮ ತೆಳುವಾಗಿ, ರಕ್ತನಾಳಗಳು ಎದ್ದು ಕಂಡು, ಮೊಡವೆ ತುಂಬಿ, ಬಿಸಿಲಿಗೆ ಹೋದರೆ ಉರಿಯತೊಡಗುತ್ತದೆ. ಇದು ಅಲ್ಲೊಂದು ಇಲ್ಲೊಂದು ಪ್ರಕರಣವಲ್ಲ. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮರೋಗವಿದ್ದ 2926 ಜನರನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 433 ಮಂದಿ, ಅಂದರೆ ಶೇ. 14.8ರಷ್ಟು ಜನ, ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಚರ್ಮವೈದ್ಯರ ಸತತ ಒತ್ತಾಯದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಆದೇಶಿಸಿತು. ಆದರೂ ಕೌಂಟರಿನ ಮೇಲೆ ಬೆರಳು ತೋರಿಸಿ ಟ್ಯೂಬ್ ಕೇಳುವ ಅಭ್ಯಾಸ ನಿಂತಿಲ್ಲ. ಸ್ಟೀರಾಯ್ಡ್ ಎಂದೂ ಬೇಡವೆಂದಲ್ಲ. ತುರಿಕೆ, ಕೆಂಪು ಜೋರಿದ್ದಾಗ ವೈದ್ಯರು ಶೇ. 1ರ ಹೈಡ್ರೋಕಾರ್ಟಿಸೋನ್‌ನಂಥ ಮೃದುವಾದದ್ದನ್ನು ಕೆಲವೇ ದಿನಕ್ಕೆ ಕೊಡುತ್ತಾರೆ. ದೀರ್ಘಕಾಲ ಬೇಕಾದವರಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್, ಪಿಮೆಕ್ರೊಲಿಮಸ್ ಇವೆ. 2015ರ ಕಾಕ್ರೇನ್ ವಿಮರ್ಶೆ 51 ಪ್ರಯೋಗಗಳನ್ನು, ಒಂಬತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರವನ್ನು ತೂಗಿ ನೋಡಿತು: ಕೀಟೋಕೊನಜೋಲ್ ಹಚ್ಚಿದವರೂ ಸ್ಟೀರಾಯ್ಡ್ ಹಚ್ಚಿದವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗುಣವಾದರು, ಅಡ್ಡಪರಿಣಾಮ ಮಾತ್ರ ಕೀಟೋಕೊನಜೋಲ್ ಗುಂಪಿನಲ್ಲಿ ಶೇ. 44ರಷ್ಟು ಕಡಿಮೆ. ಫಲ ಒಂದೇ ಆಗಿ ಹಾನಿ ಕಡಿಮೆಯಿರುವ ದಾರಿ ಇರುವಾಗ ಇನ್ನೊಂದನ್ನು ಹಿಡಿಯಲು ಕಾರಣವಿಲ್ಲ.

ಇನ್ನು ಹಸುಗೂಸಿನ ಮಾತು. ಹುಟ್ಟಿದ ಕೆಲವು ವಾರಗಳಲ್ಲಿ ಮಗುವಿನ ನೆತ್ತಿಯ ಮೇಲೆ ಹಳದಿ ಬಣ್ಣದ, ಮೇಣದಂತೆ ಅಂಟಿದ ಹಕ್ಕಳೆ ಕಾಣಿಸಿಕೊಳ್ಳುತ್ತದೆ. ಹುಬ್ಬಿಗೂ ಕಿವಿಯ ಹಿಂದಕ್ಕೂ ಕತ್ತಿನ ಮಡಿಕೆಗೂ ಹರಡಬಹುದು. ನೋಡಿದವರಿಗೆ ಗಾಬರಿ; ಮಗುವಿಗೆ ಮಾತ್ರ ಸಾಮಾನ್ಯವಾಗಿ ತುರಿಕೆಯಿಲ್ಲ, ಹಾಲು ಕುಡಿದು ಹಾಯಾಗಿ ನಿದ್ದೆ ಮಾಡುತ್ತದೆ. ತಾಯಿಯಿಂದ ಬಂದ ಹಾರ್ಮೋನುಗಳು ಮಗುವಿನ ಜಿಡ್ಡಿನ ಗ್ರಂಥಿಗಳನ್ನು ಕೆಲಕಾಲ ಚುರುಕಾಗಿಸುವುದು ಇದಕ್ಕೆ ಕಾರಣವಿರಬಹುದೆಂದು ವೈದ್ಯರು ಭಾವಿಸುತ್ತಾರೆ. ಬಹುಪಾಲು ಮಕ್ಕಳಲ್ಲಿ ಮೊದಲ ಹುಟ್ಟುಹಬ್ಬದೊಳಗೆ ಇದು ತಾನಾಗಿ ಮಾಯವಾಗುತ್ತದೆ. ಬಾಣಂತಿಯ ಪಥ್ಯ ತಪ್ಪಿದ್ದೂ ಅಲ್ಲ, ಮಗುವನ್ನು ಸ್ವಚ್ಛವಾಗಿ ಇಟ್ಟುಕೊಳ್ಳದ್ದೂ ಅಲ್ಲ. ಎಳೆ ತಾಯಿಯ ಮೇಲೆ ಆ ಆಪಾದನೆ ಹೊರಿಸುವುದನ್ನು ನಿಲ್ಲಿಸಬೇಕು. ಮಕ್ಕಳ ಈ ತೊಂದರೆಗೆ ನೀಡುವ ಮದ್ದುಗಳ ಬಗ್ಗೆ 2019ರಲ್ಲಿ ಬಂದ ಕಾಕ್ರೇನ್ ವಿಮರ್ಶೆಗೆ ಸಿಕ್ಕಿದ್ದು ಆರೇ ಪ್ರಯೋಗಗಳು, ಸುಮಾರು 300 ಮಕ್ಕಳು. ಯಾವ ಮದ್ದು ಇನ್ನೊಂದಕ್ಕಿಂತ ಮೇಲೆಂದು ಅದರಿಂದ ಹೇಳಲಾಗಲಿಲ್ಲ. ತಾನಾಗಿ ಹೋಗುವ ತೊಂದರೆಗೆ ಆಧಾರ ಇಷ್ಟು ದುರ್ಬಲವಾಗಿರುವಾಗ ಕಡಿಮೆ ಮಾಡುವುದೇ ಜಾಣತನ. ಸ್ನಾನಕ್ಕೆ ಕಾಲು ಗಂಟೆ ಮುಂಚೆ ಕೆಲವೇ ಹನಿ ಬೇಬಿ ಆಯಿಲ್ ಹಚ್ಚಿ ಹಕ್ಕಳೆ ಮೆತ್ತಗಾಗಲು ಬಿಡಿ. ಮಕ್ಕಳ ಮೃದು ಶಾಂಪೂವಿನಿಂದ ತೊಳೆಯುತ್ತ ಮೆತ್ತನೆಯ ಬ್ರಷ್ಷಿನಿಂದ ಸವರಿ. ಬಿಟ್ಟಷ್ಟು ಬಿಡಲಿ, ಉಳಿದದ್ದು ಇನ್ನೊಂದು ದಿನಕ್ಕೆ. ಉಗುರಿನಿಂದ ಕಿತ್ತರೆ ಗಾಯವಾಗಿ ಸೋಂಕು ತಗಲುತ್ತದೆ. ನೆತ್ತಿ ಬೇಗ ಕೂಡಲೆಂದು ಎಣ್ಣೆ ಸುರಿದು ಹಾಗೇ ಬಿಡುವುದು ಹಕ್ಕಳೆಯನ್ನು ದಪ್ಪ ಮಾಡುತ್ತದಷ್ಟೆ. ನೆತ್ತಿ ತನ್ನ ಕಾಲಕ್ಕೆ ತಾನೇ ಕೂಡುತ್ತದೆ. ತೊಳೆಯುವುದಕ್ಕೆ ಬಗ್ಗದ ಹಕ್ಕಳೆಗೆ ವೈದ್ಯರು ಕೀಟೋಕೊನಜೋಲ್ ಮುಲಾಮನ್ನು ಒಂದೆರಡು ವಾರಕ್ಕೆ ಕೊಡಬಹುದು. ಮತ್ತೊಂದು ಮಾತು, ಜೇನಿನ ಊರಿನವರು ಕಡ್ಡಾಯವಾಗಿ ನೆನಪಿಡಬೇಕಾದ್ದು: ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಎಷ್ಟೇ ಶುದ್ಧವಾದ ಜೇನಿನಲ್ಲೂ ಬಾಟುಲಿಸಂ ತರುವ ಬ್ಯಾಕ್ಟೀರಿಯಾದ ಬೀಜಾಣುಗಳಿರಬಹುದು, ಅವು ಕೂಸಿನ ಕರುಳಲ್ಲಿ ಮೊಳೆತರೆ ಸ್ನಾಯುಗಳನ್ನೇ ನಿಶ್ಚಲಗೊಳಿಸುವ ವಿಷ ಉತ್ಪತ್ತಿಯಾಗುತ್ತದೆ. ನಾಲಿಗೆಗೆ ನೆಕ್ಕಿಸುವುದೂ ಬೇಡ, ತಲೆಗೆ ಹಚ್ಚುವುದೂ ಬೇಡ. ತಲೆಯಿಂದ ಕೈಗೆ, ಕೈಯಿಂದ ಬಾಯಿಗೆ ಹೋಗಲು ಹೊತ್ತು ಬೇಕಿಲ್ಲ.

ಒಂದು ವರ್ಷ ದಾಟಿದ ಮೇಲೆ ಹರೆಯ ಬರುವವರೆಗೆ ಜಿಡ್ಡಿನ ಗ್ರಂಥಿಗಳು ಸುಮ್ಮನಿರುತ್ತವೆ. ಹಾಗಾಗಿ ಆ ವಯಸ್ಸಿನಲ್ಲಿ ಈ ರೋಗ ಅಪರೂಪ. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ಸಿಪ್ಪೆ ಎದ್ದು, ಅಲ್ಲಲ್ಲಿ ಕೂದಲು ತುಂಡಾಗಿ ಉದುರಿ ಬೋಳು ಮಚ್ಚೆ ಕಂಡರೆ ಅದು ಹುಳುಕಡ್ಡಿಯಾಗಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಶಾಂಪೂ ಸಾಲದು, ಕೂದಲ ಬೇರಿಗೆ ತಲುಪಲು ವಾರಗಟ್ಟಲೆ ಬಾಯಿಯ ಮದ್ದೇ ಬೇಕು. ಮನೆಯ ಉಳಿದ ಮಕ್ಕಳ ತಲೆಯನ್ನೂ ನೋಡಬೇಕು. ಬರೀ ಹೇನಿನಿಂದಲೂ ತುರಿಕೆ, ಸಿಪ್ಪೆ ಬರಬಹುದು. ಈ ಮಕ್ಕಳಿಗೆ ದೊಡ್ಡವರ ಹೊಟ್ಟಿನ ಶಾಂಪೂ ಹಾಕುತ್ತ ತಿಂಗಳು ಕಳೆಯುವುದು ನಿಜವಾದ ರೋಗಕ್ಕೆ ಸಮಯ ಕೊಟ್ಟಂತೆ. ಹಾಗೆಯೇ ನಮ್ಮಂಥ ಕಂದು ಮೈಬಣ್ಣದವರಲ್ಲಿ ಸೆಬೋರಿಕ್ ಡರ್ಮಟೈಟಿಸ್ ಕೆಂಪಾಗಿ ಕಾಣದೆ, ಹುಬ್ಬು, ಮೂಗಿನ ಪಕ್ಕ, ಹಣೆಯಂಚಿನಲ್ಲಿ ಬಣ್ಣ ಮಾಸಿದ ಮಚ್ಚೆಯಾಗಿ ಕಾಣಬಹುದು. ತೊನ್ನು ಬಂತೆಂದು ಮನೆಯವರು ಕಂಗಾಲಾಗುತ್ತಾರೆ. ತೊನ್ನಿನ ಮಚ್ಚೆ ಹಾಲಿನಂತೆ ಅಚ್ಚ ಬಿಳುಪು, ಅದರ ಮೇಲೆ ಸಿಪ್ಪೆ ಇರುವುದಿಲ್ಲ; ಇದರ ಮೇಲೆ ಸಣ್ಣ ಸಿಪ್ಪೆ ಇರುತ್ತದೆ, ಬಣ್ಣ ಪೂರ್ತಿ ಹೋಗಿರುವುದಿಲ್ಲ, ಚಿಕಿತ್ಸೆಯ ನಂತರ ನಿಧಾನವಾಗಿ ಮರಳುತ್ತದೆ.

ರಕ್ತ ಕೆಟ್ಟಿದೆ, ಉಷ್ಣವಾಗಿದೆ ಎಂದು ಮೀನು, ಮೊಟ್ಟೆ, ಹಂದಿ ಮಾಂಸ ಬಿಡಿಸುವುದು ನಮ್ಮಲ್ಲಿ ಸಾಮಾನ್ಯ. ಈ ರೋಗಕ್ಕೆ ಅಂಥ ಪಥ್ಯದಿಂದ ಪ್ರಯೋಜನವಿದೆಯೆಂದು ತೋರಿಸುವ ಗಟ್ಟಿ ಆಧಾರ ಇಲ್ಲ. ಇದು ಅಂಟುರೋಗವೂ ಅಲ್ಲ, ಕೊಳಕಿನ ಗುರುತೂ ಅಲ್ಲ. ನೂರು ವಯಸ್ಕರಲ್ಲಿ ಮೂರು ನಾಲ್ಕು ಮಂದಿಗೆ ಇರುವ, ಸಾಧಾರಣ ಹೊಟ್ಟನ್ನೂ ಸೇರಿಸಿದರೆ ಸುಮಾರು ಅರ್ಧ ಜನರನ್ನು ಮುಟ್ಟುವ ತೊಂದರೆ ಇದು. ಆದರೆ ಕೆಲವು ಸಂದರ್ಭಗಳಲ್ಲಿ ಕಾಯುವಂತಿಲ್ಲ. ವಯಸ್ಕರಲ್ಲಿ ಇದು ಏಕಾಏಕಿ ಮುಖ, ಎದೆ, ಬೆನ್ನಿಗೆಲ್ಲ ಹರಡಿದರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ ಮತ್ತು ಗೋಪ್ಯ. ಪಾರ್ಕಿನ್ಸನ್ ಕಾಯಿಲೆಯವರಲ್ಲೂ ಇದು ಹೆಚ್ಚಾಗಿ ಕಾಣುತ್ತದೆ. ಮಗುವಿನ ಮೈಯೆಲ್ಲ ಕೆಂಪಾಗಿ ಸಿಪ್ಪೆ ಎದ್ದರೆ, ತೂಕ ಏರದಿದ್ದರೆ, ಭೇದಿ ನಿಲ್ಲದಿದ್ದರೆ, ಸಿಪ್ಪೆಯ ನಡುವೆ ರಕ್ತದ ಚುಕ್ಕೆಗಳು ಕಂಡರೆ ಅದೇ ದಿನ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಕ್ಕಬೆಯಂಥ ಊರಿನಿಂದ ಮಡಿಕೇರಿಗೋ ವಿರಾಜಪೇಟೆಗೋ ಹೋಗಿ ಚರ್ಮವೈದ್ಯರನ್ನು ಕಾಣುವುದು ಒಂದು ದಿನದ ಕೂಲಿ ಕಳೆದುಕೊಳ್ಳುವ ಕೆಲಸ ಎಂಬುದು ನಿಜ. ಅದಕ್ಕೇ ಪ್ರತಿ ಸಲ ಮರುಕಳಿಸಿದಾಗಲೂ ಓಡುವ ಬದಲು, ಒಮ್ಮೆ ಸರಿಯಾಗಿ ತೋರಿಸಿ, ಮುಂದಿನ ಆರು ತಿಂಗಳು ಏನು ಮಾಡಬೇಕೆಂದು ಚೀಟಿಯಲ್ಲಿ ಬರೆಸಿಕೊಂಡು ಬರುವುದು ಮೇಲು. ಸರ್ಕಾರದ ಇ-ಸಂಜೀವಿನಿ ದೂರವೈದ್ಯ ಸೇವೆಯಲ್ಲಿ ಫೋನಿನ ಮೂಲಕವೂ ವೈದ್ಯರ ಸಲಹೆ ಪಡೆಯಬಹುದು.

ಕೊನೆಗೆ ಜೇನಿನ ಪ್ರಶ್ನೆಗೆ ನೇರ ಉತ್ತರ. ದೊಡ್ಡವರು, ಶುದ್ಧ ಜೇನು ಸಿಗುವವರು, ಅಲರ್ಜಿ ಇಲ್ಲದವರು ಹಚ್ಚಿ ನೋಡಲು ಅಡ್ಡಿಯಿಲ್ಲ. ಆದರೆ ಮೂರು ಗಂಟೆ ಅಂಟು ತಲೆಯಲ್ಲಿ ಕೂರುವುದಕ್ಕಿಂತ ಐದು ನಿಮಿಷದ ಶಾಂಪೂವಿಗೆ ಆಧಾರವೂ ಗಟ್ಟಿ, ಶ್ರಮವೂ ಕಡಿಮೆ. ಯಾವುದನ್ನೇ ಹಿಡಿದರೂ ಗುಣ ಕಂಡ ದಿನವೇ ಬಿಡಬೇಡಿ. ಮುಖಕ್ಕೆ ಹಚ್ಚುವ ಟ್ಯೂಬನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ತೊಟ್ಟಿಲಲ್ಲಿರುವ ಕೂಸಿನ ತಲೆಯನ್ನು ಮೆಲ್ಲಗೆ ತೊಳೆದು, ಅದರ ಪಾಡಿಗೆ ಬಿಡಿ.